ಅಂಡಾಶಯದ ಕ್ಯಾನ್ಸರಿಗೆ ಏನೇನು ಚಿಕಿತ್ಸೆ ಇದೆ?



ಈ ಸಂಚಿಕೆಗೆ ಅಂಡಾಶಯದ ಕ್ಯಾನ್ಸರಿನ ಬಗ್ಗೆ ಬರೆಯುತ್ತೇನೆ ಅಂದಾಗ ಹಿಂದಿನ ಬೆಂಚಿನ ಇಬ್ಬರು ಕಿಸಕ್ಕನೆ ನಕ್ಕರು. ನಗೋದೇನಿದೆ? ಅಂಡಾಶಯದ ಚಿತ್ರ ನಮ್ಮ ವಿಜ್ಞಾನದ ಪುಸ್ತಕದಲ್ಲೇ ಇದೆ. ಗರ್ಭಕೋಶದ ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಬೀಜದಷ್ಟು ಗಾತ್ರ. ಹೊಟ್ಟೆಯ ಆಳದಲ್ಲಿ ಇರೋದರಿಂದ ಅಲ್ಲಿ ಗಡ್ಡೆ ಬೆಳೆದರೂ ಬೇಗ ಗೊತ್ತಾಗೋದಿಲ್ಲ.

ಗೊತ್ತಾಗುವಾಗಲೂ ಗ್ಯಾಸ್ ಅನ್ನಿಸುತ್ತದೆ. ನಮ್ಮ ದೊಡ್ಡವ್ವನಿಗೆ ಹಾಗೇ ಆಯಿತು. ಹೇಮಗಿರಿ ಜಾತ್ರೆಗೆ ಬಂದವಳು ಎರಡು ತುತ್ತು ತಿಂದು ಹೊಟ್ಟೆ ತುಂಬಿತು ಅಂತ ಎದ್ದುಬಿಟ್ಟಳು. ಹೊಟ್ಟೆ ಮಾತ್ರ ಉಬ್ಬಿತ್ತು, ಕೈಕಾಲು ಕಡ್ಡಿ. ಜೀರಿಗೆ ಕಷಾಯ, ಗ್ಯಾಸಿನ ಮಾತ್ರೆ ಅಂತ ನಾಲ್ಕು ತಿಂಗಳು ಹೋಯಿತು. ಪದೇ ಪದೇ ಮೂತ್ರ, ಕಿಬ್ಬೊಟ್ಟೆ ನೋವು, ಬೇಗ ಹೊಟ್ಟೆ ತುಂಬುವುದು, ಉಬ್ಬರ - ಇವು ಎರಡು ಮೂರು ವಾರ ಬಿಡದೇ ಇದ್ದರೆ ಸ್ಕ್ಯಾನಿಂಗ್ ಮಾಡಿಸಲೇಬೇಕು. ಸ್ಕ್ಯಾನಿನಲ್ಲಿ ಗುಳ್ಳೆ ಕಂಡ ಕೂಡಲೇ ಎದೆ ಒಡೆದುಕೊಳ್ಳಬೇಡಿ, ವಯಸ್ಸಿನ ಹೆಂಗಸರಲ್ಲಿ ಕಾಣುವ ನೀರುಗುಳ್ಳೆಗಳು ಬಹುಪಾಲು ಕ್ಯಾನ್ಸರ್ ಅಲ್ಲ. ಸಿಎ 125 ಅಂತ ಒಂದು ರಕ್ತಪರೀಕ್ಷೆ ಇದೆ. ಸಾಮಾನ್ಯವಾಗಿ 35ರ ಒಳಗಿರಬೇಕು. ಆದರೆ ಬೇರೆ ತೊಂದರೆಗೂ ಅದು ಏರುತ್ತದೆ, ಅದೊಂದನ್ನೇ ನೋಡಿ ತೀರ್ಮಾನ ಮಾಡೋ ಹಾಗಿಲ್ಲ.

ಇನ್ನು ಚಿಕಿತ್ಸೆ. ಮುಖ್ಯವಾದವು ಎರಡು, ಆಪರೇಷನ್ ಮತ್ತು ಕೀಮೋ. ಆಪರೇಷನ್ನಿನಲ್ಲಿ ಸಾಧಾರಣವಾಗಿ ಎರಡೂ ಅಂಡಾಶಯ, ನಾಳ, ಗರ್ಭಕೋಶ, ಕರುಳಿನ ಮುಂದೆ ಪರದೆಯ ಹಾಗೆ ತೂಗುವ ಕೊಬ್ಬು ಇವನ್ನೆಲ್ಲ ತೆಗೆಯುತ್ತಾರೆ. ಈ ಕ್ಯಾನ್ಸರ್ ಹೊಟ್ಟೆಯೊಳಗೆ ರಾಗಿ ಎರಚಿದ ಹಾಗೆ ಹರಡುತ್ತದೆ. ಕಣ್ಣಿಗೆ ಕಾಣುವ ಒಂದು ಕಾಳೂ ಉಳಿಯಬಾರದು ಅನ್ನೋದು ಡಾಕ್ಟರ ಗುರಿ. ಅದಕ್ಕೇ ಇದನ್ನು ಕ್ಯಾನ್ಸರ್ ಆಪರೇಷನ್ ಕಲಿತವರ ಹತ್ತಿರವೇ ಮಾಡಿಸುವುದು ಒಳ್ಳೆಯದು.

ಕಣ್ಣಿಗೆ ಕಾಣದ್ದನ್ನು ಕೊಲ್ಲೋದು ಕೀಮೋ. ಡ್ರಿಪ್ಪಿನ ಮೂಲಕ ಎರಡು ಔಷಧಿ ಕೊಡುತ್ತಾರೆ, ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್. ಇವುಗಳ ಕಥೆ ನನಗೆ ಬಹಳ ಇಷ್ಟ. ಮೊದಲನೆಯದರಲ್ಲಿ ಪ್ಲಾಟಿನಂ ಲೋಹ ಇದೆ! 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸನ್‌ಬರ್ಗ್ ಬ್ಯಾಕ್ಟೀರಿಯಾ ಇದ್ದ ದ್ರವಕ್ಕೆ ಪ್ಲಾಟಿನಂ ತಂತಿಯಿಂದ ಕರೆಂಟ್ ಹಾಯಿಸಿ ನೋಡಿದಾಗ ಅವು ಒಡೆದು ಎರಡಾಗೋದನ್ನೇ ಬಿಟ್ಟಿದ್ದವು. ಕೆಲಸ ಮಾಡಿದ್ದು ಕರೆಂಟಲ್ಲ, ಕರಗಿದ ಪ್ಲಾಟಿನಂ. ಅದರಿಂದ ಸಿಸ್‌ಪ್ಲಾಟಿನ್ ಬಂತು, ಆಮೇಲೆ ಅದರ ತಂಗಿಯಂಥ ಕಾರ್ಬೊಪ್ಲಾಟಿನ್. ಎರಡನೆಯದು ಯೂ ಅನ್ನುವ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಅದರ ರಚನೆಯನ್ನು ಕಂಡುಹಿಡಿದು 1971ರಲ್ಲಿ ಪ್ರಕಟಿಸಿದವರಲ್ಲಿ ಮನ್ಸುಖ್ ವಾಣಿ ಒಬ್ಬರು, ಮಹಾರಾಷ್ಟ್ರದ ನಂದುರ್‌ಬಾರಿನಲ್ಲಿ ಹುಟ್ಟಿದವರು. 1992ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದು ಅಂಡಾಶಯದ ಕ್ಯಾನ್ಸರಿಗೇ.

ಸಾಮಾನ್ಯವಾಗಿ ಮೂರು ವಾರಕ್ಕೊಂದರಂತೆ ಆರು ಸಲ ಡ್ರಿಪ್. ಕ್ಯಾನ್ಸರ್ ಬಹಳ ಹರಡಿದ್ದರೆ, ಇಲ್ಲಾ ರೋಗಿ ಬಹಳ ಸೊರಗಿದ್ದರೆ ಮೂರು ಡ್ರಿಪ್ ಮೊದಲು, ಆಪರೇಷನ್ ನಡುವೆ, ಉಳಿದದ್ದು ಆಮೇಲೆ. "ಆಪರೇಷನ್ ಮಾಡದೆ ಡ್ರಿಪ್ ಹಾಕ್ತವ್ರೆ, ಕೈಬಿಟ್ರು ಅಂತ ಕಾಣ್ತದೆ" ಅಂತ ನಮ್ಮ ಮನೆಯಲ್ಲಿ ಅತ್ತರು. ಕೈಬಿಟ್ಟದ್ದಲ್ಲ, ಗಡ್ಡೆ ಕುಗ್ಗಲಿ ಅಂತ ಹಾಗೆ ಮಾಡೋದು. ಕೂದಲು ಉದುರುತ್ತೆ, ಆಮೇಲೆ ಬರುತ್ತೆ. ವಾಂತಿಗೆ ಔಷಧಿ ಇದೆ. ಬೆರಳು ಜುಮ್ಮೆನ್ನಬಹುದು. ಆದರೆ ಜ್ವರ ಬಂದರೆ ಮಾತ್ರ ಬೆಳಗಾಗಲಿ ಅಂತ ಕಾಯಬಾರದು, ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಬಿಳಿರಕ್ತಕಣ ಕಡಿಮೆಯಾಗಿ ಸೋಂಕು ಏರಿಬಿಡುತ್ತದೆ. ಆ ಕಣಗಳು ಮತ್ತೆ ತುಂಬಲಿ ಅಂತಲೇ ಮೂರು ವಾರದ ಬಿಡುವು. ಕಬ್ಬು ಕಡಿಯೋದಿದೆ, ಹಬ್ಬ ಇದೆ ಅಂತ ಒಂದು ಸಲದ್ದು ತಪ್ಪಿಸಿದರೆ ಉಳಿದ ಕ್ಯಾನ್ಸರ್ ಕಣಗಳೂ ಬಿಡುವು ಪಡೆದು ಚಿಗುರುತ್ತವೆ.

ಹೊಸ ಔಷಧಿಗಳೂ ಇವೆ. ಬೆವಾಸಿಝುಮ್ಯಾಬ್ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುತ್ತದೆ. ಓಲಾಪರಿಬ್ ಮಾತ್ರೆ 2014ರಲ್ಲಿ ಬಂತು. ಬಿಆರ್‌ಸಿಎ ಅನ್ನುವ ಜೀನಿನಲ್ಲಿ ದೋಷ ಇರುವವರಿಗೆ ಅದು ಹೆಚ್ಚು ಉಪಯೋಗ. ಈ ದೋಷ ಅಪ್ಪನ ಕಡೆಯಿಂದಲೂ ಬರುತ್ತದೆ. ಆದ್ದರಿಂದ ಮನೆತನದಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು. ನಮ್ಮ ಕಡೆ 'ಕರೆಂಟ್ ಕೊಡೋದು' ಅನ್ನುವ ವಿಕಿರಣ ಚಿಕಿತ್ಸೆ ಈ ಕ್ಯಾನ್ಸರಿಗೆ ಅಪರೂಪ.

ಹುಡುಗಿಯರಿಗೂ ಅಪರೂಪಕ್ಕೆ ಬೇರೊಂದು ಜಾತಿಯ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಅದು ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಹೆಚ್ಚಾಗಿ ಒಂದೇ ಅಂಡಾಶಯ ತೆಗೆದು ಇನ್ನೊಂದನ್ನು ಉಳಿಸುತ್ತಾರೆ, ಮುಂದೆ ಮಕ್ಕಳೂ ಆಗಬಹುದು. "ಮದುವೆಯಾಗೋ ಹುಡುಗಿ, ಹೊರಗೆ ಗೊತ್ತಾಗಬಾರದು" ಅಂತ ತಡಮಾಡಿದರೆ ಕಳೆದುಕೊಳ್ಳೋದು ಆ ಹುಡುಗಿಯನ್ನೇ.

ದುಡ್ಡಿನ ಚಿಂತೆ ಎಲ್ಲರಿಗೂ ಇದೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ, 1973ರಲ್ಲಿ ಶುರುವಾದ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್, ಸ್ಕ್ಯಾನ್ ಫಿಲಂ, ಹಳೇ ಚೀಟಿ ಎಲ್ಲಾ ಒಂದೇ ಚೀಲದಲ್ಲಿಟ್ಟುಕೊಂಡು ಹೋಗಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುವುದುಂಟು, ಅದನ್ನು ಹೊರಡುವ ಮೊದಲೇ ಬರೆಸಿಕೊಳ್ಳಿ.