ಟ್ರಾಲಿಯ ಪುಟ್ಟನಿಗೆ ಅಜ್ಜಿಯ ಸೀರೆ

ಹಿಂದೆ ಮಂಗಳೂರಿನ ತಾಯಂದಿರು ಹಂಪನಕಟ್ಟೆಯ ಸೆಂಟ್ರಲ್ ಮಾರ್ಕೆಟಿಗೆ ಹೋಗುತ್ತಿದ್ದುದು ಕೈಯಲ್ಲಿ ಚೀಲ, ಸೊಂಟದಲ್ಲಿ ಮಗು ಇಟ್ಟುಕೊಂಡು. ಈಗ ಕೆ.ಎಸ್. ರಾವ್ ರಸ್ತೆಯಲ್ಲೂ ಪಾಂಡೇಶ್ವರದಲ್ಲೂ ಮಾಲ್‌ಗಳಿವೆ. ಸಾಮಾನಿಗೂ ಮಗುವಿಗೂ ಟ್ರಾಲಿಯೇ ವಾಹನ.

ಮಕ್ಕಳೇ, ಈ ಟ್ರಾಲಿಗೆ ಇನ್ನೂ ನೂರು ವರ್ಷ ಪ್ರಾಯವಾಗಿಲ್ಲ. ಬುಟ್ಟಿ ಭಾರವಾದೊಡನೆ ಗಿರಾಕಿಗಳು ಖರೀದಿ ನಿಲ್ಲಿಸುವುದನ್ನು ಅಮೆರಿಕದ ಒಕ್ಲಹೋಮ ಸಿಟಿಯ ಅಂಗಡಿ ಮಾಲೀಕ ಸಿಲ್ವನ್ ಗೋಲ್ಡ್‌ಮನ್ ಗಮನಿಸಿದ. ಮಡಚುವ ಕುರ್ಚಿಯೊಂದನ್ನು ನೋಡಿ ಉಪಾಯ ಹೊಳೆಯಿತು. 1937ರಲ್ಲಿ ಚಕ್ರದ ಚೌಕಟ್ಟಿಗೆ ಎರಡು ಬುಟ್ಟಿ ಇಟ್ಟು ಗಾಡಿ ಮಾಡಿಸಿದ. ಮೊದಮೊದಲು ಯಾರೂ ಅದನ್ನು ಮುಟ್ಟಲಿಲ್ಲವಂತೆ! ಸಂಬಳ ಕೊಟ್ಟು ಕೆಲವರಿಂದ ತಳ್ಳಿಸಿದ ಮೇಲೆಯೇ ಉಳಿದವರೂ ತಳ್ಳತೊಡಗಿದರು.

ಮಗು ಕೂರುವ ಟ್ರಾಲಿಯ ಸೀಟು ಗಟ್ಟಿ, ಕಂಬಿ ತಣ್ಣಗೆ. ಹತ್ತಾರು ಜನ ಹಿಡಿದ ಹಿಡಿಯನ್ನು ಮಗು ನೇರ ಬಾಯಿಗೆ ಹಾಕುತ್ತದೆ. ಅದಕ್ಕೊಂದು ಬಟ್ಟೆಯ ಹೊದಿಕೆ ಹೊಲಿದುಕೊಂಡರೆ ಅನುಕೂಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಹೊಲಿಗೆ ಕಲಿತದ್ದು ನಿವೃತ್ತಿಯ ಬಳಿಕ, ನನ್ನ ಹೆಂಡತಿಯ ಯಂತ್ರದಲ್ಲಿ. ಅವಳು ಹೋದ ಮೇಲೆ ಕಪಾಟಿನಲ್ಲೇ ಉಳಿದಿದ್ದ ಒಂದು ಉಡುಪಿ ಸೀರೆ ಹೊದಿಕೆಯಾಯಿತು. ಅಜ್ಜಿಯನ್ನು ಕಾಣದ ಮೊಮ್ಮಗನಿಗೆ ಅವಳ ಸೀರೆಯಾದರೂ ಸಿಗಲಿ ಎಂದು.

ಕಿನ್ನಿಗೋಳಿ ಕಡೆಯ ತಾಳಿಪಾಡಿ ನೇಕಾರರು ಇಂದಿಗೂ ನೇಯುವ ಈ ಕೈಮಗ್ಗದ ಹತ್ತಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಒಗೆದು ಒಗೆದು ಮೆತ್ತಗಾದ ಯಾವ ಹತ್ತಿ ಸೀರೆಯೂ ಆದೀತು. ದಪ್ಪ ಫೋಮ್ ಬೇಡ; ನಮ್ಮ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಒಳಗೆ ಹಳೆಯ ಟವೆಲ್ ಸಾಕು.

ಮೊದಲು ಲೆಕ್ಕ. ಟೇಪು ಹಿಡಿಯುವುದು, ಬರೆದುಕೊಳ್ಳುವುದು ಮಕ್ಕಳ ಕೆಲಸ. ನಾವು ಅಳೆದ ಟ್ರಾಲಿಯಲ್ಲಿ ಹಿಡಿಯಿಂದ ಹೊರಗೆ ಇಳಿಬಿಡಲು 20 ಸೆಂ.ಮೀ., ಒಳಬದಿ 22, ಸೀಟು 20, ಬೆನ್ನು 28, ಹಿಂದಕ್ಕೆ ಇಳಿಬಿಡಲು 20. ಒಟ್ಟು 110. ಅಗಲದಲ್ಲಿ ಸೀಟು 40, ಎರಡು ಪಕ್ಕಕ್ಕೆ ತಲಾ 35. ಅದೂ 110! ಹೊಲಿಗೆಗೆ ಸುತ್ತಲೂ 2.5 ಬಿಟ್ಟರೆ 115ರ ಚೌಕ. ಎಲ್ಲ ಟ್ರಾಲಿಯೂ ಒಂದೇ ಅಳತೆಯಲ್ಲ. ನಿಮ್ಮ ಅಂಗಡಿಯದ್ದನ್ನು ನೀವೇ ಅಳೆಯಿರಿ.

ಎರಡು ಚೌಕಗಳ ಒಳ್ಳೆಯ ಮುಖಗಳನ್ನು ಒಂದಕ್ಕೊಂದು ತಾಗಿಸಿ ಸುತ್ತ ಹೊಲಿಯಿರಿ. ಒಂದು ಬದಿಯಲ್ಲಿ ಗೇಣುದ್ದ ಬಿಟ್ಟು ಅಲ್ಲಿಂದ ಮಗುಚಿ. ಸೀಟು, ಬೆನ್ನು ಬರುವಲ್ಲಿ ಟವೆಲ್ ತೂರಿಸಿ, ಜಾರದಂತೆ ಅಡ್ಡ ಹೊಲಿಗೆ ಹಾಕಿ. ಸೀಟಿನ ಗೆರೆಯ ಮೇಲೆ, ಟ್ರಾಲಿಯ ಕಿಂಡಿಗಳಿಗೆ ಸರಿಯಾಗಿ ಕಾಲಿಗೆ ಎರಡು ತೂತು ಕತ್ತರಿಸಿ ಅಂಚಿಗೆ ಪಟ್ಟಿ ಕೊಡಿ. ಬೆಲ್ಟ್ ಹೊರಬರಲು ಬೆನ್ನಿನಲ್ಲಿ ಎರಡು ಉದ್ದನೆಯ ಕಾಜಾ ಬೇಕು. ಕೊನೆಗೆ ಅಂಚಿನೊಳಗೆ ಇನ್ನೊಂದು ಸುತ್ತು ಹೊಲಿದು, ಆ ದಾರಿಯಲ್ಲಿ ಇಲಾಸ್ಟಿಕ್ ಪೋಣಿಸಿ. ಪಿನ್ನಿಗೆ ಸಿಕ್ಕಿಸಿ ಎಳೆಯುವುದು ಮಕ್ಕಳಿಗೆ ಬಲು ಖುಷಿ. ಟ್ರಾಲಿಗೆ ತೊಡಿಸಿ ನೋಡಿದ ಮೇಲೆಯೇ ತುದಿಗಳನ್ನು ಸೇರಿಸಿ ಹೊಲಿದು ಬಾಯಿ ಮುಚ್ಚಿ. ಗುಂಡಿ, ಮಣಿ ಬೇಡ. ಕಿತ್ತು ಬಂದರೆ ಮಗುವಿನ ಗಂಟಲಿಗೆ ಸಿಕ್ಕೀತು. ಉದ್ದ ದಾರವೂ ಬೇಡ, ಕುತ್ತಿಗೆಗೆ ಸುತ್ತೀತು.

ಅಜ್ಜ ಅಜ್ಜಿಯರಿಗೊಂದು ಮಾತು. ಹೊದಿಕೆ ಮಗುವನ್ನು ಹಿಡಿದಿಡುವುದಿಲ್ಲ. ಹಿಡಿದಿಡುವುದು ಟ್ರಾಲಿಯ ಬೆಲ್ಟ್. ಮೆತ್ತಗಿದೆಯಲ್ಲ ಎಂಬ ಧೈರ್ಯದಲ್ಲಿ ಬೆಲ್ಟ್ ಮರೆತರೆ ಹೊದಿಕೆಯಿಂದಲೇ ಅಪಾಯ. ಅಷ್ಟೆತ್ತರದಿಂದ ಬಿದ್ದರೆ ಮೊದಲು ತಾಗುವುದು ತಲೆಗೆ. ಬೆಲ್ಟ್ ಇಲ್ಲದ ಅಥವಾ ಹರಿದ ಟ್ರಾಲಿಯಲ್ಲಿ ಮಗುವನ್ನು ಕೂರಿಸಲೇಬೇಡಿ. ಆಸರೆಯಿಲ್ಲದೆ ನೆಟ್ಟಗೆ ಕೂರಲು ಬಾರದ ಕೂಸಿಗೆ ಸೊಂಟವೇ ಸರಿ. ಕೂತ ಮಗು ಎದ್ದು ನಿಲ್ಲಬಾರದು. ಅಣ್ಣ ಅಕ್ಕಂದಿರು ಪಕ್ಕಕ್ಕೆ ಜೋತುಬಿದ್ದರೆ ಟ್ರಾಲಿ ಮಗುಚೀತು. ಅಕ್ಕಿ ಆರಿಸುವಾಗಲೂ ಒಂದು ಕೈ ಮಗುವಿನ ಮೇಲಿರಲಿ.

ಬ್ಯಾಂಕಿನಲ್ಲಿ ನಾವು ನೋಟುಗಳನ್ನು ಎರಡೆರಡು ಬಾರಿ ಎಣಿಸುತ್ತಿದ್ದೆವು. ಬೆಲ್ಟನ್ನೂ ಹಾಗೆಯೇ ಎರಡು ಬಾರಿ ಎಳೆದು ನೋಡಿ. ಎರಡನೆಯ ಸಲ ಎಳೆಯುವ ಕೆಲಸ ಮನೆಯ ಶಾಲೆಮಕ್ಕಳದ್ದಾಗಲಿ, ಅವರು ಮರೆಯುವುದಿಲ್ಲ.