ಕಸದಿಂದ ರಸ: ವೆಲ್ಡಿಂಗ್ ಕೇಬಲ್ಲಿಗೊಂದು ಗೂಡು

ಐಟಿಐಗಳಲ್ಲಿ ವೆಲ್ಡರ್ ತರಬೇತಿ ಒಂದು ವರ್ಷದ್ದು. ಎಂಟನೇ ತರಗತಿ ಪಾಸಾದವರಿಗೂ ಪ್ರವೇಶವುಂಟು. ತರಬೇತಿ ಮುಗಿಸಿ, ಮನೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿ ಗ್ರಿಲ್ಲು, ಗೇಟು ಮಾಡುವ ಹುಡುಗರು ಅನೇಕ. ಸಾಲ ಮಾಡಿ ಯಂತ್ರ ಕೊಂಡ ಮೇಲೆ ಕಪಾಟಿಗೆ ದುಡ್ಡೆಲ್ಲಿ? ಹಾಗಾಗಿ ಕೇಬಲ್ಲು ನೆಲದಲ್ಲಿ, ರಾಡು ಕಿಟಕಿಯಲ್ಲಿ, ಹೋಲ್ಡರು ಯಂತ್ರದ ಮೇಲೆ!

ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಯಂತ್ರ ಚಾಲೂ ಇದ್ದು ಬೆಸುಗೆ ನಡೆಯದಿರುವಾಗ ಹೋಲ್ಡರಿನಲ್ಲಿ ಸಾಮಾನ್ಯವಾಗಿ 50ರಿಂದ 80 ವೋಲ್ಟ್ ಇರುತ್ತದೆ. ಮನೆಯ 230 ವೋಲ್ಟಿನ ಮುಂದೆ ಇದು ಸಣ್ಣದೆನಿಸಬಹುದು. ಆದರೆ ಬೆವರಿದ ಮೈ, ಒದ್ದೆ ನೆಲ, ಹೊದಿಕೆ ಹರಿದ ಕೇಬಲ್ಲು ಮೂರೂ ಸೇರಿದರೆ ಪ್ರಾಣ ಹೋಗಲು ಅಷ್ಟೇ ಸಾಕು.

ಹಾಗಾದರೆ ದುಡ್ಡಿಲ್ಲದೆ ಜೋಡಿಸುವುದು ಹೇಗೆ? ಯಾವ ವಸ್ತು ಯಾವುದಕ್ಕೆ ಅಂಜುತ್ತದೆ ಎಂದು ಮೊದಲು ಕೇಳಿಕೊಂಡರೆ ಉತ್ತರ ಗುಜರಿ ಅಂಗಡಿಯಲ್ಲೇ ಸಿಗುತ್ತದೆ.

ಕೇಬಲ್ಲಿಗೆ ಚಕ್ರ

ವೆಲ್ಡಿಂಗ್ ಕೇಬಲ್ಲಿನೊಳಗೆ ಕೂದಲಿನಂಥ ನೂರಾರು ತಾಮ್ರದ ಎಳೆಗಳಿವೆ. ಮೊಳೆಗೆ ನೇತುಹಾಕಿದರೆ ಒಂದೇ ಕಡೆ ಮಡಚಿ ಎಳೆಗಳು ತುಂಡಾಗುತ್ತವೆ, ಆ ಜಾಗ ಬಿಸಿಯಾಗುತ್ತದೆ. ಬದಲಿಗೆ ಹಳೆಯ ಸ್ಕೂಟರಿನ ರಿಮ್ಮನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿದರೆ ಕೇಬಲ್ಲು ಅಗಲವಾಗಿ ಸುತ್ತಿ ಕೂರುತ್ತದೆ. ರಿಮ್ಮಿನ ಚೂಪು ಅಂಚನ್ನು ಅರದಿಂದ ಉಜ್ಜಿ, ಸೀಳಿದ ರಬ್ಬರ್ ಪೈಪು ತೊಡಿಸಬೇಕು.

ಒಂದು ಎಚ್ಚರಿಕೆ: ಸುತ್ತಿಡುವುದು ವಿಶ್ರಾಂತಿಗೆ, ಕೆಲಸಕ್ಕಲ್ಲ. ಸುತ್ತಿದಂತೆಯೇ ನೂರು ಆಂಪಿಯರ್ ಹರಿಸಿದರೆ ಶಾಖ ಹೊರಹೋಗದೆ ಹೊದಿಕೆ ಕರಗಬಹುದು. ಎಸಿ ಯಂತ್ರವಾದರೆ, ಕಬ್ಬಿಣದ ಮೇಲಿನ ಸುರುಳಿ ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ ಪ್ರೇರಕವೇ ಆಗಿ ವಿದ್ಯುತ್ತನ್ನು ತಡೆಯುತ್ತದೆ. ಆರ್ಕು ಸೊರಗುತ್ತದೆ.

ರಾಡಿಗೆ ಪೈಪು

ರಾಡಿನ ಶತ್ರು ತೇವ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ತೆರೆದ ಪ್ಯಾಕೆಟ್ಟು ಬೇಗ ತಣ್ಣಗಾಗುತ್ತದೆ. ಲೇಪದಲ್ಲಿ ಸೇರಿದ ನೀರು ಆರ್ಕಿನ ಶಾಖಕ್ಕೆ ಒಡೆದು ಜಲಜನಕ ಬಿಡುಗಡೆಯಾಗುತ್ತದೆ. ಅದು ಲೋಹದೊಳಗೆ ಸೇರುತ್ತದೆ. ಗಟ್ಟಿ ಉಕ್ಕಿನಲ್ಲಿ ಬೆಸುಗೆ ಮುಗಿದು ಒಂದೆರಡು ದಿನ ಕಳೆದ ಮೇಲೂ ಬಿರುಕು ಬಿಡುವುದುಂಟು.

350 ಮಿಲಿಮೀಟರ್ ಉದ್ದದ ರಾಡಿಗೆ 400 ಮಿಲಿಮೀಟರಿನ ಪಿವಿಸಿ ಪೈಪಿನ ತುಂಡು ಸಾಕು. ಒಂದು ತುದಿಗೆ ಮುಚ್ಚಳ ಅಂಟಿಸಿ, ಇನ್ನೊಂದಕ್ಕೆ ಬಿಗಿಯಾದ ಮುಚ್ಚಳ ಹಾಕಬೇಕು. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಳಗಿದ್ದರೆ ಇನ್ನೂ ಒಳ್ಳೆಯದು. 6013 ಮತ್ತು 7018 ರಾಡುಗಳಿಗೆ ಬೇರೆ ಬೇರೆ ಪೈಪು, ಮೇಲೆ ಬಣ್ಣದಲ್ಲಿ ಹೆಸರು. ಆದರೆ 7018ಕ್ಕೆ ಪೈಪು ಮಾತ್ರ ಸಾಲದು. ತೇವವಾಗಿದ್ದರೆ ಪ್ಯಾಕೆಟ್ಟಿನ ಮೇಲೆ ಮುದ್ರಿಸಿದ ಉಷ್ಣತೆಯಲ್ಲಿ ಓವನ್ನಿನಲ್ಲಿ ಕಾಯಿಸಲೇಬೇಕು.

ಉಳಿದ ಸಾಮಾನು

ಹೋಲ್ಡರಿಗೆ ಮರದ ಗೂಟ; ರಾಡು ತೆಗೆದ ನಂತರವೇ ನೇತುಹಾಕಬೇಕು. ಸುತ್ತಿಗೆ, ತಂತಿ ಬ್ರಷ್ಷುಗಳಿಗೆ ಪೈಪಿನ ತುಂಡುಗಳು. ಸ್ಕ್ರೀನಿನ ಗಾಜಿಗೆ ಹಳೆಯ ಬಟ್ಟೆ ಹಾಸಿದ ಡಬ್ಬಿ. ಖಾಲಿ ಪೆಟ್ರೋಲ್, ಎಣ್ಣೆ, ಪೇಂಟಿನ ಬ್ಯಾರೆಲ್ಲನ್ನು ಕತ್ತರಿಸಿ ಕಪಾಟು ಮಾಡುವ ಆಸೆ ಮಾತ್ರ ಬೇಡ. ಒಳಗುಳಿದ ಆವಿಗೆ ಕಿಡಿ ತಾಕಿದರೆ ಅದು ಬಾಂಬಿನಂತೆ ಸಿಡಿಯುತ್ತದೆ.

ಸಂಜೆ ಮೇನ್ ಸ್ವಿಚ್ಚು ಆರಿಸಿ ಕೇಬಲ್ಲು ಸುತ್ತುವಾಗ ಅದರ ಉದ್ದಕ್ಕೂ ಕೈ ಹಾಯುತ್ತದೆ. ಸೀಳು, ಸುಟ್ಟ ಗುರುತು ಆಗಲೇ ಸಿಕ್ಕಿಬೀಳುತ್ತದೆ. ಹೋಲ್ಡರಿನ ಹತ್ತಿರ ಹರಿದಿದ್ದರೆ ಟೇಪು ಸುತ್ತಿ ಸಾಗಹಾಕದೆ ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕು. ಮಗನ ಶೆಡ್ಡಿಗೆ ಹೋಗುವ ತಂದೆ ತಾಯಿ ಎಷ್ಟು ಗೇಟು ಮಾಡಿದೆ ಎಂದು ಕೇಳುವುದು ಸಹಜ. ಇಂದು ಕೇಬಲ್ಲು ನೋಡಿದೆಯಾ ಎಂದೂ ಒಂದು ಮಾತು ಕೇಳಿದರೆ ಒಳಿತು.