ಎಳೆಯ ನಾಯಿಗೆ ಕಂಬಿ ಜಿಗಿತ ಕಲಿಸುವ ಕ್ರಮ



ಬೋರ್ಡೋ ದ್ರಾವಣ, ಕಾಂಡಕೊರಕ, ಕೊಳೆರೋಗ, ಸಾಲದ ಕಂತು ಇವುಗಳ ಬಗ್ಗೆ ಬರೆಯುವುದು ಈ ಪತ್ರಿಕೆಯಲ್ಲಿ ನಮ್ಮ ವಾಡಿಕೆ. ಈ ಸಲ ತೋಟದ ಮನೆಯ ನಾಯಿಯ ವಿಷಯ ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ರಜೆಗೆ ಊರಿಗೆ ಬಂದ ಮಕ್ಕಳು ಮೊಬೈಲಿನಲ್ಲಿ ನೋಡಿದ್ದನ್ನು ಅನುಸರಿಸಿ ಮನೆಯ ನಾಯಿಗೆ ಕಂಬಿ ಹಾರಿಸಲು ಹೊರಡುತ್ತಿದ್ದಾರೆ. ಇದು ಸರಿಯೋ ತಪ್ಪೋ ಎಂದು ಕಚೇರಿಗೆ ಬಂದ ಕೆಲವು ಸದಸ್ಯರು ನಮ್ಮನ್ನು ವಿಚಾರಿಸಿದ್ದಾರೆ. ಸರಿಯಾದ ಕ್ರಮದಲ್ಲಿ ಕಲಿಸಿದರೆ ಇದು ನಾಯಿಗೂ ಮಕ್ಕಳಿಗೂ ಒಳ್ಳೆಯ ವ್ಯಾಯಾಮ. ಆತುರದಲ್ಲಿ ಕಲಿಸಿದರೆ ನಾಯಿಯ ಕಾಲು ಜೀವಮಾನವಿಡೀ ಕೆಡುತ್ತದೆ. ಎರಡನ್ನೂ ನಾವು ಕಣ್ಣಾರೆ ಕಂಡಿದ್ದೇವೆ.

ಈ ಆಟ ಎಲ್ಲಿಂದ ಬಂತು?

ಅಜಿಲಿಟಿ ಎಂದು ಕರೆಯುವ ಈ ಚುರುಕುತನದ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ಎರಡು ಸ್ಪರ್ಧೆಗಳ ನಡುವಿನ ಬಿಡುವಿನಲ್ಲಿ ಪ್ರೇಕ್ಷಕರಿಗೆ ಬೇಸರವಾಗದಂತೆ ಏನಾದರೂ ತೋರಿಸಬೇಕಿತ್ತು. ಸಮಿತಿಯ ಜಾನ್ ವಾರ್ಲಿ ಎಂಬವರು ಕುದುರೆಗಳ ಜಿಗಿತದ ಸ್ಪರ್ಧೆಯನ್ನೇ ಮಾದರಿಯಾಗಿಟ್ಟುಕೊಂಡು, ತರಬೇತುದಾರ ಪೀಟರ್ ಮೀನ್‌ವೆಲ್ ಅವರ ನೆರವಿನಿಂದ ನಾಯಿಗಳಿಗೆ ಅಡೆತಡೆಗಳ ಓಟವನ್ನು ಏರ್ಪಡಿಸಿದರು. ಜನ ಮೆಚ್ಚಿದರು. 1980ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಇದಕ್ಕೆ ಮಾನ್ಯತೆ ಕೊಟ್ಟು ನಿಯಮ ರೂಪಿಸಿತು. ಕಂಬಿ ಹಾರುವುದು, ಕೊಳವೆಯೊಳಗೆ ನುಗ್ಗುವುದು, ನೆಟ್ಟ ಕೋಲುಗಳ ನಡುವೆ ಬಳುಕಿ ಓಡುವುದು ಇವೆಲ್ಲ ಅದರಲ್ಲಿ ಸೇರಿವೆ. ಇಲ್ಲಿ ನಾವು ಕಂಬಿ ಜಿಗಿತವನ್ನು ಮಾತ್ರ ವಿವರಿಸುತ್ತೇವೆ.

ನಾಯಿಗೆ ಹಾರಲು ಕಲಿಸಬೇಕೆ?

ನಮ್ಮ ತೋಟದ ಹಿರಿಯ ಆಳು ಒಬ್ಬರು ನಮ್ಮ ಏರ್ಪಾಡು ನೋಡಿ, 'ಅಯ್ಯಾ, ಮೀನಿಗೆ ಈಜು ಕಲಿಸಿದ ಹಾಗಾಯ್ತಲ್ಲ' ಎಂದು ನಕ್ಕರು. ಮಾತು ನಿಜವೇ. ಹಾರುವುದು ನಾಯಿಗೆ ಗೊತ್ತು. ಆದರೆ ಮೊಲ ಕಂಡಾಗ ಒಮ್ಮೆ ಕಾದಿಗೆ ಹಾರುವುದು ಬೇರೆ, ಓಡುತ್ತ ಹತ್ತಾರು ಸಲ ಕಂಬಿ ತಾಗದಂತೆ, ಮೈಗೆ ಪೆಟ್ಟಾಗದಂತೆ ಹಾರುವುದು ಬೇರೆ. ಕಲಿಸಬೇಕಾದದ್ದು ಈ ಎರಡನೆಯದನ್ನು.

ಜಿಗಿತದಲ್ಲಿ ಮೈ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಮುಂದಿನ ಕ್ರಮವೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ನಾಯಿ ಹಿಂಗಾಲುಗಳಿಂದ ನೆಲವನ್ನು ಒದ್ದು ಮೇಲೇಳುತ್ತದೆ. ಇಳಿಯುವಾಗ ಭಾರವೆಲ್ಲ ಮೊದಲು ಮುಂಗಾಲುಗಳ ಮೇಲೆ ಬೀಳುತ್ತದೆ. ನಮ್ಮ ತೋಳು ಕೊರಳೆಲುಬಿನ ಮೂಲಕ ಎದೆಗೂಡಿಗೆ ಸೇರಿದೆ. ನಾಯಿಯ ಮುಂಗಾಲಿಗೆ ಅಂಥ ಎಲುಬಿನ ಜೋಡಣೆಯಿಲ್ಲ, ಮಾಂಸಖಂಡಗಳೇ ಅದನ್ನು ಮೈಗೆ ಹಿಡಿದಿಟ್ಟಿವೆ. ಆದುದರಿಂದ ಗಟ್ಟಿ ನೆಲದ ಮೇಲೆ ಪದೇ ಪದೇ ಇಳಿದರೆ ಹೆಗಲೂ ಮಣಿಗಂಟೂ ಸೋಲುತ್ತವೆ. ಇನ್ನು, ಚೆನ್ನಾಗಿ ಹಾರುವ ನಾಯಿ ತಲೆಯನ್ನು ತಗ್ಗಿಸಿ ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತದೆ. ತಲೆ ಮೇಲೆತ್ತಿದರೆ ಬೆನ್ನು ಒಳಕ್ಕೆ ಕುಸಿದು, ಹಿಂಗಾಲು ಕೆಳಕ್ಕೆ ಜೋತು ಕಂಬಿಗೆ ಬಡಿಯುತ್ತದೆ.

ವಯಸ್ಸಿನ ಮಾತು

ಎಳೆಯ ನಾಯಿಯ ಎಲುಬು ಬೆಳೆಯುವುದು ಅದರ ತುದಿಗಳಲ್ಲಿರುವ ಮೆದು ಭಾಗದಲ್ಲಿ. ಸಣ್ಣ ತಳಿಗಳಲ್ಲಿ ಇದು ಸುಮಾರು ಒಂದು ವರ್ಷದೊಳಗೆ ಗಟ್ಟಿಯಾಗುತ್ತದೆ. ದೊಡ್ಡ ತಳಿಗಳಲ್ಲಿ ಹದಿನೆಂಟು ತಿಂಗಳವರೆಗೂ ಹಿಡಿಯಬಹುದು. ಆ ಮೊದಲು ಪೆಟ್ಟಾದರೆ ಕಾಲು ಸೊಟ್ಟಗೆ ಬೆಳೆಯುವ ಸಂಭವವಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹದಿನೆಂಟು ತಿಂಗಳು ತುಂಬದ ನಾಯಿಗೆ ಪ್ರವೇಶವೇ ಇಲ್ಲ.

ಇಲ್ಲಿ ನಮ್ಮ ತಪ್ಪನ್ನು ಹೇಳಿಕೊಳ್ಳಲೇಬೇಕು. ಹಿಂದೆ ನಮ್ಮಲ್ಲಿ ಕರಿಯ ಎಂಬ ನಾಯಿಯಿತ್ತು. ಏಳು ತಿಂಗಳಿಗೇ ಸೊಂಟದೆತ್ತರ ಹಾರುತ್ತಿತ್ತು. ಬಂದ ನೆಂಟರಿಗೆಲ್ಲ ಕಾಫಿ ಒಣಗಿಸುವ ಸಿಮೆಂಟು ಕಣದಲ್ಲಿ ಅದನ್ನು ಹಾರಿಸಿ ತೋರಿಸುವುದು ನಮಗೊಂದು ಹೆಮ್ಮೆಯಾಗಿತ್ತು. ಒಂದು ದಿನ ಇಳಿದದ್ದು ಕುಂಟುತ್ತ ನಿಂತಿತು. ಪಶುವೈದ್ಯರು ಕಾಲು ಮುಟ್ಟಿ ನೋಡಿ, 'ಇದಕ್ಕೆ ವಯಸ್ಸೆಷ್ಟು?' ಎಂದು ಕೇಳಿದರು. ಉತ್ತರ ಕೊಡುವಾಗಲೇ ನಮಗೆ ತಪ್ಪಿನ ಅರಿವಾಯಿತು. ಕರಿಯ ಹತ್ತು ವರ್ಷ ಬಾಳಿತು; ಮಳೆಗಾಲದ ಪ್ರತಿ ಬೆಳಿಗ್ಗೆ ಜಗಲಿಯಿಂದ ಏಳುವಾಗ ಆ ಕಾಲನ್ನು ಎಳೆಯುತ್ತಲೇ ಎದ್ದಿತು. ಈ ಲೇಖನ ಬರೆಯಲು ಮುಖ್ಯ ಪ್ರೇರಣೆ ಅದೇ.

ಮೊದಲ ಸಿದ್ಧತೆ

ನಾಯಿಯ ಪಕ್ಕೆಲುಬು ಬೆರಳಿಗೆ ಸುಲಭವಾಗಿ ಸಿಗುವಂತಿರಬೇಕು. ಬೊಜ್ಜು ಬೆಳೆದಿದ್ದರೆ ಮೊದಲು ಊಟ ತಗ್ಗಿಸಿ ನಡೆದಾಡಿಸಿ. ಪಶುವೈದ್ಯರಿಂದ ಕಾಲು, ಸೊಂಟ ಪರೀಕ್ಷೆ ಮಾಡಿಸಿ. ಉಗುರು ಕತ್ತರಿಸಿ. 'ನಿಲ್ಲು' ಅಂದರೆ ನಿಲ್ಲುವ, 'ಬಾ' ಅಂದರೆ ಬರುವ ಅಭ್ಯಾಸ ಆಗಿರತಕ್ಕದ್ದು. ಇವೆರಡು ಕಲಿಯದ ನಾಯಿಗೆ ಜಿಗಿತ ಕಲಿಸಹೊರಡುವುದು ಬೇಲಿಯಿಲ್ಲದ ತೋಟಕ್ಕೆ ಸಸಿ ನೆಟ್ಟ ಹಾಗೆ.

ಜಾಗ ಹುಲ್ಲಿನದಾಗಿರಲಿ, ಸಮತಟ್ಟಾಗಿರಲಿ, ಗುಂಡಿ ಕಲ್ಲುಗಳಿರದಿರಲಿ. ಸಿಮೆಂಟು ಕಣ ಎಷ್ಟೇ ಅನುಕೂಲವಾಗಿ ಕಂಡರೂ ಬೇಡ. ಕಂಬಿಗೆ ಅಡಿಕೆ ದಬ್ಬೆ ಕೈಗೆ ಸಿಗುವ ವಸ್ತುವೇನೋ ಹೌದು, ಆದರೆ ಅದರ ಸಿಬಿರು ನಾಯಿಯ ಹೊಟ್ಟೆಗೂ ತೊಡೆಗೂ ಚುಚ್ಚುತ್ತದೆ. ಒಂದಂಗುಲದ ಪಿ.ವಿ.ಸಿ. ಪೈಪಿನ ನಾಲ್ಕಡಿ ತುಂಡು ಉತ್ತಮ. ಹಸಿರು ಹುಲ್ಲಿನ ಎದುರು ಕೆಂಪು ಬಣ್ಣ ನಾಯಿಯ ಕಣ್ಣಿಗೆ ಬೇರೆಯಾಗಿ ಕಾಣದು. ಪೈಪಿಗೆ ನೀಲಿ ಅಥವಾ ಹಳದಿ ಪಟ್ಟಿ ಸುತ್ತಿ. ಎರಡು ಬದಿಯ ಕಂಬಗಳಿಗೆ ಕೊಕ್ಕೆ ಬಡಿದು, ಪೈಪನ್ನು ಅವುಗಳ ಮೇಲೆ ಬರೀ ಇಡಬೇಕು. ಕಾಲು ತಾಗಿದೊಡನೆ ಅದು ಕೆಳಗೆ ಬೀಳಬೇಕು. ಮೊಳೆ ಹೊಡೆದು, ಹಗ್ಗ ಬಿಗಿದು ಕಟ್ಟಿದ ಕಂಬಿ ನಾಯಿಯನ್ನು ಬೀಳಿಸುತ್ತದೆ.

ಕಲಿಸುವ ಹಂತಗಳು

1. ಮೊದಲ ಕೆಲವು ದಿನ ಕಂಬಿಯೇ ಬೇಡ. ಎರಡು ಕಂಬಗಳ ನಡುವೆ ನಾಯಿ ನೇರವಾಗಿ ದಾಟಿ ಬರಲಿ. ದಾಟಿದೊಡನೆ ಮೆಚ್ಚಿನ ತಿಂಡಿಯ ಒಂದು ಸಣ್ಣ ತುಣುಕು ಕೊಡಿ. ತಿಂಡಿಯನ್ನು ಕೈಯಲ್ಲಿ ಎತ್ತಿ ಹಿಡಿಯದೆ, ಕಂಬದಿಂದ ಏಳೆಂಟು ಅಡಿ ಮುಂದೆ ನೆಲದ ಮೇಲೆ ತಟ್ಟೆಯಲ್ಲಿಡಿ. ಆಗ ನಾಯಿಯ ದೃಷ್ಟಿ ಮುಂದಕ್ಕೆ, ತಗ್ಗಿನಲ್ಲಿ ನಿಲ್ಲುತ್ತದೆ. ಕೈಯನ್ನು ನೋಡುತ್ತ ತಲೆಯೆತ್ತಿ ಹಾರುವ ದುರಭ್ಯಾಸ ಹುಟ್ಟುವುದೇ ಇಲ್ಲ.

2. ಅನಂತರ ಪೈಪನ್ನು ನೆಲದ ಮೇಲಿಡಿ. ನಾಯಿ ಅದನ್ನು ದಾಟಿ ಹೋಗಲಿ. ಹೆದರಿ ಪಕ್ಕಕ್ಕೆ ಸರಿದರೆ ಎಳೆಯಬೇಡಿ. ಹಿಂದಿನ ಹಂತಕ್ಕೆ ಮರಳಿ.

3. ನಾಯಿ ಸಲೀಸಾಗಿ ದಾಟುವಾಗ ಪೈಪನ್ನು ನಾಲ್ಕಂಗುಲ ಎತ್ತರಿಸಿ. ಈ ಹಂತದಿಂದ ಕೊರಳ ಹಗ್ಗ ತೆಗೆಯಿರಿ. ಗಾಳಿಯಲ್ಲಿರುವಾಗ ಹಗ್ಗ ಜಗ್ಗಿದರೆ ಕತ್ತು ಉಳುಕುತ್ತದೆ. 'ಹಾರು' ಎಂಬ ಒಂದೇ ಮಾತನ್ನು, ನಾಯಿ ನೆಲ ಬಿಡುವ ಮೊದಲು ಹೇಳಿ. ಹಾರಿದ ಮೇಲೆ ಹೇಳಿದರೆ ಅದು ತಿರುಗಿ ನಿಮ್ಮನ್ನು ನೋಡಿ ಸೊಟ್ಟಗೆ ಇಳಿಯುತ್ತದೆ.

4. ನಾಯಿಯ ಜೊತೆಗೆ ನೀವೂ ಪಕ್ಕದಲ್ಲಿ ನಡೆಯಿರಿ, ಮುಂದೆ ಓಡಿ. ಒಂದು ದಿನ ಎಡಬದಿಗೆ, ಇನ್ನೊಂದು ದಿನ ಬಲಬದಿಗೆ. ಇಲ್ಲವಾದರೆ ಅದು ಒಂದೇ ಮಗ್ಗುಲಿಗೆ ಒಗ್ಗಿಹೋಗುತ್ತದೆ.

5. ಮುಂದೆ ಅದೇ ನಾಲ್ಕಂಗುಲ ಎತ್ತರದ ನಾಲ್ಕು ಕಂಬಿಗಳನ್ನು ಒಂದೇ ಸಾಲಿನಲ್ಲಿಡಿ. ನಾಯಿ ಒಂದನ್ನು ಹಾರಿ ಇಳಿದೊಡನೆ ಮುಂದಿನದಕ್ಕೆ ಏಳಬೇಕು. ಮಧ್ಯಮ ಗಾತ್ರದ ನಮ್ಮ ನಾಯಿಗೆ ನಾಲ್ಕರಿಂದ ಐದು ಅಡಿ ಅಂತರ ಹೊಂದಿತು. ನಡುವೆ ಹೆಚ್ಚಿನ ಹೆಜ್ಜೆ ಹಾಕಿದರೆ ಅಂತರ ಜಾಸ್ತಿಯಾಯಿತೆಂದೂ, ಮುಗ್ಗರಿಸಿ ಕಂಬಿ ಬೀಳಿಸಿದರೆ ಕಡಿಮೆಯಾಯಿತೆಂದೂ ತಿಳಿಯಬೇಕು. ಈ ಸಾಲು ನಾಯಿಗೆ ಲಯ ಕಲಿಸುತ್ತದೆ; ಎಲ್ಲಿ ನೆಲ ಬಿಡಬೇಕೆಂಬ ಅಂದಾಜು ಕಲಿಸುತ್ತದೆ. ತಿಂಗಳುಗಟ್ಟಲೆ ಇಲ್ಲೇ ನಿಂತರೂ ನಷ್ಟವಿಲ್ಲ.

6. ಎತ್ತರ ಕೊನೆಯ ಮಾತು. ಬೆಳವಣಿಗೆ ಮುಗಿಯುವ ತನಕ ಕಂಬಿ ಮುಂಗಾಲಿನ ಮೊಣಕೈಗಿಂತ ಕೆಳಗೇ ಇರತಕ್ಕದ್ದು. ಆಮೇಲೆ ಒಂದು ಸಲಕ್ಕೆ ಎರಡಂಗುಲದಂತೆ ಏರಿಸಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅತಿ ದೊಡ್ಡ ನಾಯಿಗಳ ಕಂಬಿಯೂ 60 ಸೆಂಟಿಮೀಟರ್, ಅಂದರೆ ಎರಡು ಅಡಿಗಿಂತ ಸ್ವಲ್ಪ ಕಡಿಮೆ. ಮನೆಯ ಆಟಕ್ಕೆ ಅಷ್ಟೂ ಬೇಕಿಲ್ಲ.

ಒಂದು ಸಲಕ್ಕೆ ಐದು ನಿಮಿಷ, ಎಂಟು ಹತ್ತು ಜಿಗಿತ. ವಾರಕ್ಕೆ ಎರಡು ಮೂರು ದಿನ ಸಾಕು. ಮೊದಲು ಸ್ವಲ್ಪ ನಡೆದಾಡಿಸಿ ಮೈ ಬಿಸಿಯಾಗಲಿ. ನಾಯಿಗೆ ಇನ್ನೂ ಹುಮ್ಮಸ್ಸಿರುವಾಗಲೇ ನಿಲ್ಲಿಸಿ.

ತಪ್ಪಿದಾಗ ಏನು ಮಾಡಬೇಕು?

ಕಂಬಿ ಬಿದ್ದರೆ ಗದರುವುದು, ಕಾಲಿಗೆ ಹೊಡೆಯುವುದು ಕೆಲವರ ಪದ್ಧತಿ. ಇದರಿಂದ ನಾಯಿ ಕಲಿಯುವುದು ಹೆದರಿಕೆಯನ್ನು ಮಾತ್ರ. ಒಮ್ಮೆ ಬಿದ್ದರೆ ಸುಮ್ಮನಿರಿ. ಎರಡು ಸಲ ಬಿದ್ದರೆ ಎತ್ತರ ಇಳಿಸಿ. ನಿನ್ನೆಯವರೆಗೆ ಹಾರುತ್ತಿದ್ದ ನಾಯಿ ಇಂದು ಕಂಬಿಯ ಮುಂದೆ ತಡವರಿಸಿ ಸಣ್ಣ ಹೆಜ್ಜೆ ಹಾಕಿದರೆ, ಪಕ್ಕದಿಂದ ಸುತ್ತಿ ಹೋದರೆ, ಯಾವಾಗಲೂ ಒಂದೇ ಕಾಲಿನ ಮೇಲೆ ಇಳಿದರೆ, ಅದನ್ನು ಹಟವೆಂದು ತಿಳಿಯಬಾರದು. ನೋವಿರುವ ನಾಯಿಗೆ ಅದನ್ನು ಹೇಳಿಕೊಳ್ಳಲು ಬೇರೆ ದಾರಿಯಿಲ್ಲ. ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕರಿಯನೂ ಕುಂಟುವ ಮುನ್ನ ನಾಲ್ಕು ದಿನ ಕಂಬಿಯ ಮುಂದೆ ತಡವರಿಸಿತ್ತು. ನಾವು ಸೋಮಾರಿತನವೆಂದುಕೊಂಡೆವು.

ನಮ್ಮ ಕಡೆಗೆ ವಿಶೇಷವಾಗಿ

ಮಳೆಗಾಲದಲ್ಲಿ ಪಾಚಿ ಹಿಡಿದ ನೆಲದ ಮೇಲೆ ಜಿಗಿತ ಬೇಡವೇ ಬೇಡ. ಆ ತಿಂಗಳುಗಳಲ್ಲಿ ಜಗಲಿಯಲ್ಲಿ 'ನಿಲ್ಲು', 'ಬಾ' ಗಟ್ಟಿ ಮಾಡಿ. ಹುಲ್ಲಿನಿಂದ ಬಂದ ಮೇಲೆ ಕಾಲ್ಬೆರಳ ಸಂದಿಯಲ್ಲಿ ಇಂಬಳ, ಉಣುಗು ಇವೆಯೇ ನೋಡಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ.

ತಿಂಡಿಗೆ ಬೇಯಿಸಿದ ಕೋಳಿ, ಮೊಟ್ಟೆಯ ಚೂರು ಆಗುತ್ತದೆ. ದ್ರಾಕ್ಷಿ, ಈರುಳ್ಳಿ, ಚಾಕೊಲೇಟು ಕೂಡದು. ಉದುರಿದ ಕಾಫಿ ಹಣ್ಣನ್ನು ಸಿಹಿಗಾಗಿ ತಿನ್ನುವ ನಾಯಿಗಳಿವೆ. ಅದರ ಕೆಫೀನ್ ನಾಯಿಗೆ ವಿಷ. ಅಡಿಕೆಯೂ ಅಪಾಯವೇ. ಅದರ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳುವಿಗೆ ಔಷಧವಾಗಿ ಬಳಸುತ್ತಿದ್ದುದು ನಿಜ, ಆದರೆ ಅದು ವಾಂತಿಭೇದಿ ತರಿಸುವ ತೀಕ್ಷ್ಣ ವಸ್ತು. ಅಭ್ಯಾಸದ ಜಾಗ ಕೊಯ್ಲಿನ ರಾಶಿಯಿಂದ ದೂರವಿರಲಿ.

ಮುಧೋಳ ನಾಯಿ ಸಾಕಿರುವ ಸದಸ್ಯರಿಗೆ ಒಂದು ಮಾತು. ಉದ್ದ ಕಾಲಿನ ಆ ತಳಿ ಓಟಕ್ಕೆ ಹುಟ್ಟಿದ್ದು. 2016ರಲ್ಲಿ ಸೈನ್ಯವು ಮುಧೋಳ ಮರಿಗಳನ್ನು ಮೀರತ್ತಿನ ತನ್ನ ಕೇಂದ್ರಕ್ಕೆ ತರಬೇತಿಗಾಗಿ ಒಯ್ದದ್ದು ನಮಗೆಲ್ಲ ಅಭಿಮಾನದ ವಿಷಯ. ಆದರೆ ವೇಗ ಹೆಚ್ಚಿದಷ್ಟೂ ಇಳಿತದ ಪೆಟ್ಟು ಹೆಚ್ಚು. ಅದಕ್ಕೆ ಇನ್ನಷ್ಟು ತಾಳ್ಮೆ ಬೇಕು.

ಜಿಗಿತ ಕಲಿತ ನಾಯಿ ಬೇಲಿ ಹಾರಿ ಹೋಗದೇ ಎಂಬುದು ಹಲವರ ಅಂಜಿಕೆ. ಚಿರತೆ ಓಡಾಡುವ ನಮ್ಮ ಕಡೆ ಈ ಅಂಜಿಕೆ ಸಹಜವಾದದ್ದೇ. ಗೇಟು, ಮುಳ್ಳುತಂತಿ, ಪಾಗಾರ ಇವುಗಳ ಮೇಲೆ ಆಟಕ್ಕಾದರೂ ಒಮ್ಮೆಯೂ ಹಾರಿಸಬೇಡಿ. ಎರಡು ಕಂಬಗಳ ನಡುವೆ, 'ಹಾರು' ಎಂದಾಗ ಮಾತ್ರ ಹಾರುವುದು ಎಂದು ಮೊದಲಿನಿಂದ ರೂಢಿ ಮಾಡಿಸಿ. ಮುಸ್ಸಂಜೆಗೆ ಮುನ್ನ ನಾಯಿಯನ್ನು ಒಳಗೆ ತನ್ನಿ.

ಈಗ ನಮ್ಮಲ್ಲಿರುವ ಬೆಳ್ಳಿಗೆ ಎರಡು ವರ್ಷ. ಒಂದೂವರೆ ವರ್ಷ ತುಂಬುವವರೆಗೆ ಅದು ನಾಲ್ಕಂಗುಲ ಮೀರಿ ಹಾರಿದ್ದಿಲ್ಲ. ಇಂದು ಒಂದಡಿ ಎತ್ತರದ ಕಂಬಿಗಳ ಸಾಲನ್ನು ಸದ್ದಿಲ್ಲದೆ ದಾಟಿ, ಬಾಲ ಬೀಸುತ್ತ ಮತ್ತೆ ಬಂದು ನಿಲ್ಲುತ್ತದೆ. ಕಾಫಿ ಗಿಡಕ್ಕೆ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯುವವರು ನಾವು. ನಾಯಿಗಾಗಿ ಹದಿನೆಂಟು ತಿಂಗಳು ಕಾಯುವುದು ನಮಗೆ ಕಷ್ಟವಾಗಬಾರದು. ಮಕ್ಕಳಿಗೆ ಈ ಲೇಖನವನ್ನು ಓದಿ ಹೇಳಬೇಕಾಗಿ ಕೋರುತ್ತೇವೆ.